ಹೊಳೆ ತಂದ ರೇವೆ ಮಣ್ಣನ್ನು ಹದಕ್ಕೆ ತಂದ ಬಗೆ

ಬಿತ್ತಿ ಹತ್ತು ದಿನವಾದರೂ ಉಳ್ಳಾಗಡ್ಡಿಯ ಒಂದು ಮೊಳಕೆಯೂ ಮೇಲೆ ಕಾಣಿಸಲಿಲ್ಲ. ಬಿತ್ತಿದ ಮೂರನೆಯ ದಿನ ಅರ್ಧ ತಾಸು ಬಿರುಮಳೆ ಹೊಡೆದಿತ್ತು, ಆಮೇಲೆ ಸುಡುಬಿಸಿಲು. ಹೊಲ ಸಾರಿಸಿದ ಅಂಗಳದಂತೆ ನುಣ್ಣಗಿತ್ತು. ಸಾಲಿನಲ್ಲಿ ಕುಳಿತು ಉಗುರಿನಿಂದ ಮೇಲ್ಪದರವನ್ನು ಮೀಟಿದೆ. ನಾಣ್ಯ ಎರಡು ಜೋಡಿಸಿದಷ್ಟು ದಪ್ಪದ ಹಕ್ಕಳೆ, ಹಂಚಿನ ಚೂರಿನಂತೆ ಎದ್ದು ಬಂತು. ಅದರ ಅಡಿಯಲ್ಲಿ ಬಿಳಿ ದಾರದಂಥ ಮೊಳಕೆಗಳು. ಉಳ್ಳಾಗಡ್ಡಿಯ ಮೊಳಕೆ ನೆಟ್ಟಗೆ ಏಳುವುದಿಲ್ಲ. ಮಂಡಿ ಮಡಚಿದಂತೆ ಬಾಗಿ, ಆ ಬಾಗನ್ನೇ ಮುಂದಿಟ್ಟು ಮಣ್ಣು ಸೀಳಿ ಬರುತ್ತದೆ. ಇಲ್ಲಿ ಸೀಳಲಾಗದೆ ಹಕ್ಕಳೆಯ ಅಡಿಯಲ್ಲೇ ಅಡ್ಡಡ್ಡ ಹರಿದು, ಸುರುಳಿ ಸುತ್ತಿ, ಹಳದಿಗೆ ತಿರುಗಿದ್ದವು. ಬೀಜ ಕೆಟ್ಟಿರಲಿಲ್ಲ, ತೇವವೂ ಇತ್ತು. ಮಣ್ಣು ಬಾಗಿಲು ಹಾಕಿಕೊಂಡಿತ್ತು.

ಅದು 2019ರ ಸೆಪ್ಟೆಂಬರ್. ನಮ್ಮ ಹೊಲ ಬಾದಾಮಿ ತಾಲ್ಲೂಕಿನಲ್ಲಿ, ಮಲಪ್ರಭೆಯ ದಂಡೆಯ ಮೇಲಿದೆ. ಆ ಆಗಸ್ಟಿನಲ್ಲಿ ಹೊಳೆ ಉಕ್ಕಿ ಪಟ್ಟದಕಲ್ಲಿನ ದೇವಾಲಯಗಳ ಆವರಣಕ್ಕೂ ನೀರು ನುಗ್ಗಿತ್ತು. ನೀರು ಇಳಿದ ಮೇಲೆ ಹೋಗಿ ನೋಡಿದರೆ ನನ್ನ ಎರೆ ಹೊಲ, ಅಂದರೆ ಕಪ್ಪು ಮಣ್ಣಿನ ಹೊಲ, ಕಾಣಿಸಲೇ ಇಲ್ಲ. ಅದರ ಮೇಲೆ ಬೂದು ಬಣ್ಣದ ಹೊಸ ಮಣ್ಣು ಹಾಸಿತ್ತು. ಹೊಳೆ ಅದನ್ನು ಜರಡಿ ಹಿಡಿದಂತೆ ಬೇರೆ ಬೇರೆ ಮಾಡಿ ಇಟ್ಟಿತ್ತು. ದಂಡೆಗೆ ತಾಗಿದ ಪಟ್ಟಿಯಲ್ಲಿ ಮರಳು, ನಡುವಿನಲ್ಲಿ ಗೇಣುದ್ದ ರೇವೆ, ಅಂದರೆ ಮರಳಿಗಿಂತ ನುಣುಪಾದ, ಜೇಡಿಗಿಂತ ಒರಟಾದ ಹೂಳು, ಹೊಳೆಯಿಂದ ದೂರದ ತಗ್ಗಿನಲ್ಲಿ ಅಂಟುವ ಜೇಡಿ. ನೀರು ದಂಡೆ ದಾಟಿದ ಕೂಡಲೇ ವೇಗ ಕಳೆದುಕೊಂಡು ಮೊದಲು ಭಾರದ ಮರಳನ್ನು ಬಿಡುತ್ತದೆ, ಆಮೇಲೆ ರೇವೆಯನ್ನು. ಜೇಡಿ ಮಾತ್ರ ನಿಂತ ನೀರಿನಲ್ಲಿ ನಿಧಾನವಾಗಿ ತಳ ಸೇರುತ್ತದೆ.

ಊರಿನಲ್ಲಿ ಎಲ್ಲರದೂ ಒಂದೇ ಮಾತು, ಹೊಳೆ ಬಂಗಾರ ತಂದು ಹಾಕಿದೆ ಎಂದು. ನಾನೂ ನಂಬಿದೆ. ಒಂದು ಬುಟ್ಟಿ ಗೊಬ್ಬರವನ್ನೂ ಹಾಕದೆ, ಎರೆಯಲ್ಲಿ ಬಿತ್ತುವ ರೀತಿಯಲ್ಲೇ ಕೂರಿಗೆ ಹೂಡಿದೆ. ಮೊಳಕೆ ಸತ್ತ ದಿನ ನಮ್ಮ ದೊಡ್ಡಪ್ಪ ಬಂದು ಒಂದು ಹಿಡಿ ಮಣ್ಣನ್ನು ಅಂಗೈಯಲ್ಲಿ ತಿಕ್ಕಿ ನೋಡಿದರು. "ತಮ್ಮಾ, ಇದು ಎರೆ ಅಲ್ಲ. ಎರೆ ತಾನೇ ಬಿರುಕು ಬಿಟ್ಟು ತಾನೇ ಉಸಿರಾಡುತ್ತದೆ. ಇದಕ್ಕೆ ನೀನು ಉಸಿರು ಕೊಡಬೇಕು" ಎಂದರು. ನಾನು ಅಲ್ಲಿಯವರೆಗೆ ಆ ಮಣ್ಣನ್ನು ಕೈಯಲ್ಲಿ ಹಿಡಿದೂ ನೋಡಿರಲಿಲ್ಲ.

ಅಂದು ಸಂಜೆ ಒಂದು ಗಾಜಿನ ಬಾಟಲಿಯಲ್ಲಿ ಮೂರನೇ ಒಂದರಷ್ಟು ಮಣ್ಣು, ಉಳಿದಷ್ಟು ನೀರು, ಚಿಟಿಕೆ ಸೋಪಿನ ಪುಡಿ ಹಾಕಿ ಚೆನ್ನಾಗಿ ಅಲುಗಾಡಿಸಿ ಕಿಟಕಿಯಲ್ಲಿ ಇಟ್ಟೆ. ಒಂದು ನಿಮಿಷದೊಳಗೆ ತಳದಲ್ಲಿ ಮರಳು ಕೂತಿತು. ಅದರ ಮೇಲೆ ಕೆಲವು ತಾಸುಗಳಲ್ಲಿ ದಪ್ಪನೆಯ ಬೂದು ಪದರ ಕಟ್ಟಿತು. ನೀರು ತಿಳಿಯಾಗಲು ಮರುದಿನ ಸಂಜೆಯಾಯಿತು. ಸ್ಕೇಲ್ ಹಿಡಿದರೆ ಆರು ಸೆಂಟಿಮೀಟರಿನಲ್ಲಿ ಒಂದು ಮರಳು, ನಾಲ್ಕು ರೇವೆ, ಒಂದು ಜೇಡಿ. ರೇವೆಯ ಕಣ 0.05 ಮಿಲಿಮೀಟರಿಗಿಂತ ಸಣ್ಣದು, 0.002 ಮಿಲಿಮೀಟರಿಗಿಂತ ದೊಡ್ಡದು. ಒಣಗಿದಾಗ ಗೋದಿ ಹಿಟ್ಟಿನಂತೆ, ನೆನೆದಾಗ ಸಾಬೂನಿನಂತೆ ಜಾರುತ್ತದೆ. ಬೆರಳುಗಳ ನಡುವೆ ಒತ್ತಿ ಪಟ್ಟಿ ಎಳೆದರೆ ಎರೆಯ ಹಾಗೆ ಉದ್ದ ಬರುವುದಿಲ್ಲ, ತುಸು ಬಂದು ಮುರಿಯುತ್ತದೆ.

ಅದರ ಗುಣ ದೋಷ ಎರಡೂ ಅಲ್ಲೇ ಇವೆ. ಮರಳು ನೀರನ್ನು ಹಿಡಿಯುವುದಿಲ್ಲ. ಜೇಡಿ ಬಹಳ ಹಿಡಿಯುತ್ತದೆ, ಆದರೆ ಬೇರು ಕೇಳಿದಾಗ ಸುಲಭವಾಗಿ ಬಿಟ್ಟುಕೊಡುವುದಿಲ್ಲ. ರೇವೆ ಹಿಡಿಯುತ್ತದೆ, ಕೊಡುತ್ತದೆ, ಕೆಳಗಿನ ತೇವವನ್ನು ಮೇಲಕ್ಕೆ ಏರಿಸುತ್ತದೆ ಕೂಡ. ಬೆಳೆಗೆ ದಕ್ಕುವ ನೀರಿನ ಲೆಕ್ಕದಲ್ಲಿ ಇದಕ್ಕಿಂತ ಒಳ್ಳೆಯ ಮಣ್ಣು ಕಡಿಮೆ. ಆದರೆ ಕಣಕ್ಕೆ ಕಣವನ್ನು ಕಟ್ಟುವ ಅಂಟು ಇದರಲ್ಲಿ ಸಾಲದು. ಮಳೆ ಹನಿಯ ಪೆಟ್ಟಿಗೆ ಮೇಲಿನ ಮಣ್ಣಿನ ಸಣ್ಣ ಹೆಂಟೆಗಳು ಕರಗಿ, ಸಣ್ಣ ಕಣಗಳು ರಂಧ್ರಗಳನ್ನು ಮುಚ್ಚಿ, ಒಣಗಿದರೆ ಹಕ್ಕಳೆ. ಎರೆಯಲ್ಲಿ ಆ ಅಂಟನ್ನು ಜೇಡಿ ಕೊಡುತ್ತದೆ. ಇಲ್ಲಿ ಗೊಬ್ಬರ, ಬೇರು, ಎರೆಹುಳು ಕೊಡಬೇಕು.

ಅಕ್ಟೋಬರಿನಲ್ಲಿ ಹೊಳೆ ಮತ್ತೆ ಬಂತು, ಇನ್ನೊಂದು ಬೆರಳು ರೇವೆ ಬಿಟ್ಟು ಹೋಯಿತು. ನಾನು ಮತ್ತೆ ಅವಸರ ಮಾಡಿದೆ. ಮೇಲೆ ಒಣಗಿದಂತೆ ಕಂಡಿತೆಂದು ಟ್ರ್ಯಾಕ್ಟರ್ ಇಳಿಸಿ ಗೋವಿನಜೋಳ ಹಾಕಿದೆ. ಮೊಳಕೆ ಬಂತು, ಆದರೆ ಎಲೆಗಳ ಅಂಚು ನೇರಳೆಗೆ ತಿರುಗಿತು. ಅದು ರಂಜಕದ ಹಸಿವು. ನೀರು ಬಹಳ ದಿನ ನಿಂತು, ಬೆಳೆಯಿಲ್ಲದೆ ಬಿದ್ದ ಹೊಲದಲ್ಲಿ ಬೇರಿಗೆ ರಂಜಕ ತಂದುಕೊಡುವ ಶಿಲೀಂಧ್ರಗಳು ಸೊರಗುತ್ತವೆ ಎಂಬುದು ನನಗೆ ಆಗ ತಿಳಿಯಿತು. ಮಣ್ಣು ಪರೀಕ್ಷೆ ಮಾಡಿಸಿದಾಗ ಸಾವಯವ ಇಂಗಾಲವೂ ಸತುವೂ ಕಡಿಮೆ ಎಂದು ಬಂತು. ಬೆಳೆ ಕೈಗೆ ಬಂದರೂ ಇಳುವರಿ ಅರ್ಧಕ್ಕೆ ಇಳಿಯಿತು.

ಕೊಯ್ದ ಮೇಲೆ ಮೊಣಕಾಲುದ್ದ ಗುಂಡಿ ತೋಡಿದೆ. ಹೊಸ ಮಣ್ಣು ಮುಗಿದು ಹಳೆಯ ಎರೆ ಶುರುವಾಗುವ ಗೆರೆ ಚಾಕುವಿನಲ್ಲಿ ಕೊಯ್ದಂತೆ ಸ್ಪಷ್ಟವಾಗಿತ್ತು. ಬೇರುಗಳು ಆ ಗೆರೆಯವರೆಗೆ ಇಳಿದು, ಅಲ್ಲಿಂದ ಪಕ್ಕಕ್ಕೆ ತಿರುಗಿ ಚಾಪೆಯ ಹಾಗೆ ಹರಡಿದ್ದವು. ಕೆಳಗೆ ಫಲವತ್ತಾದ ಎರೆ ಇದ್ದೂ ಬೆಳೆ ಅದನ್ನು ಮುಟ್ಟಿರಲಿಲ್ಲ.

ಮುಂದಿನ ಕೆಲಸವನ್ನು ಆ ಗುಂಡಿಯೇ ಹೇಳಿತು. ಬೇಸಿಗೆಯಲ್ಲಿ ಮಣ್ಣು ಪೂರ್ತಿ ಒಣಗಿದ ಮೇಲೆ ಪಲ್ಟಿ ನೇಗಿಲಿನಿಂದ ಆಳವಾಗಿ ಉಳುಮೆ ಮಾಡಿಸಿ ರೇವೆಯನ್ನೂ ಎರೆಯನ್ನೂ ಬೆರೆಸಿದೆ. ಗೇಣುದ್ದದ ಪದರಕ್ಕೆ ಇದು ಸಾಧ್ಯ. ಎರಡು ಮೂರು ಅಡಿ ಬಿದ್ದಿದ್ದರೆ ನೇಗಿಲು ತಲುಪುತ್ತಿರಲಿಲ್ಲ. 2020ರ ಜೂನ್‌ನಲ್ಲಿ ಸೆಣಬು ಚೆಲ್ಲಿ, ಹೂ ಬರುವ ಹೊತ್ತಿಗೆ, ಸುಮಾರು 45 ದಿನಕ್ಕೆ, ಮಣ್ಣಿಗೆ ಸೇರಿಸಿದೆ. ತಿಪ್ಪೆಗೊಬ್ಬರವನ್ನು ಎಕರೆಗೆ ನಾಲ್ಕು ಟ್ರೇಲರ್ ಹಾಕಿದೆ. ಖರ್ಚು ಕಡಿಮೆಯಾಗಲಿಲ್ಲ, ಆದರೆ ಇದನ್ನು ಬಿಟ್ಟು ಬೇರೆ ದಾರಿ ನನಗೆ ಕಾಣಲಿಲ್ಲ.

ಆ ವರ್ಷದಿಂದ ಮಳೆಗಾಲದ ಉಳ್ಳಾಗಡ್ಡಿಯನ್ನು ಈ ಹೊಲದಲ್ಲಿ ಕೂರಿಗೆಯಿಂದ ಬಿತ್ತುವುದನ್ನೇ ಬಿಟ್ಟಿದ್ದೇನೆ. ಮಡಿಯಲ್ಲಿ ಸಸಿ ಬೆಳೆಸಿ ನಾಟಿ ಮಾಡುತ್ತೇನೆ. ಮಡಿಗೂ ಬರಿಯ ರೇವೆ ಬೇಡ, ಮರಳು ಮತ್ತು ಹಳೆಯ ಗೊಬ್ಬರ ಬೆರೆಸಬೇಕು. ಬೀಜವನ್ನೇ ಹಾಕುವ ಬೆಳೆಗಳಲ್ಲಿ, ಮೊಳಕೆ ಮೇಲೆ ಬರುವ ಮೊದಲು ಮಳೆ ಬಿದ್ದು ಒಣಗಿದರೆ ಜಾಲಿಯ ಮುಳ್ಳಿನ ಟೊಂಗೆಯನ್ನು ಹಗ್ಗ ಕಟ್ಟಿ ಹೊಲದ ಮೇಲೆ ಹಗುರವಾಗಿ ಎಳೆಯುತ್ತೇನೆ. ಮೇಲಿನ ಹಕ್ಕಳೆ ಗೀರಿದರೆ ಸಾಕು. ಸಾಲುಗಳ ನಡುವೆ ಕಬ್ಬಿನ ರವದಿ, ಅಂದರೆ ಒಣಗಿದ ಎಲೆ, ಹಾಸುತ್ತೇನೆ. ಹನಿಯ ಪೆಟ್ಟು ಮಣ್ಣಿಗೆ ಬೀಳದಿದ್ದರೆ ಹಕ್ಕಳೆಯ ಕಾಟ ಬಹುಮಟ್ಟಿಗೆ ತಪ್ಪುತ್ತದೆ.

ಹೊಲಕ್ಕೆ ಇಳಿಯುವ ಮುನ್ನ ಗೇಣು ಆಳದ ಮಣ್ಣು ತೆಗೆದು ಉಂಡೆ ಕಟ್ಟಿ, ಎದೆಯ ಎತ್ತರದಿಂದ ಕೆಳಗೆ ಬಿಡುತ್ತೇನೆ. ಪುಡಿಯಾಗಿ ಒಡೆದರೆ ಹದ ಬಂದಿದೆ. ಚಪ್ಪಟೆಯಾಗಿ ಕೂತರೆ ಕುಂಟೆಯನ್ನೂ ಹೊಲಕ್ಕೆ ಬಿಡುವುದಿಲ್ಲ, ಟ್ರ್ಯಾಕ್ಟರಿನ ಮಾತಂತೂ ದೂರ. ಎರೆಯಲ್ಲಿ ಮಾಡಿದ ಇಂಥ ತಪ್ಪನ್ನು ಬೇಸಿಗೆಯ ಬಿರುಕು ಸ್ವಲ್ಪವಾದರೂ ಸರಿಪಡಿಸುತ್ತದೆ. ರೇವೆ ಹಾಗೆ ಬಿರಿಯುವುದಿಲ್ಲ, ಒತ್ತಿದರೆ ಒತ್ತಿದ ಹಾಗೆಯೇ ಉಳಿಯುತ್ತದೆ.

ಇದಕ್ಕೆ ಒಪ್ಪುವ ಬೆಳೆಗಳಲ್ಲಿ ನನಗೆ ಬಹಳ ಇಷ್ಟವಾದದ್ದು ಗಜ್ಜರಿ. ಕಲ್ಲಿಲ್ಲ, ಹೆಂಟೆಯಿಲ್ಲ, ಬೇರು ನೆಟ್ಟಗೆ ಇಳಿಯುತ್ತದೆ. ತುಸು ತೇವವಿದ್ದಾಗ ಎಳೆದರೆ ಮಣ್ಣು ಅಂಟದೆ ಬರುತ್ತದೆ. ಬದನೆ, ಮೂಲಂಗಿ, ಕೊತ್ತಂಬರಿ, ಹಿಂಗಾರಿನ ಕಡಲೆ ಎಲ್ಲವೂ ಚೆನ್ನಾಗಿ ಬಂದಿವೆ. ಶೇಂಗಾ ಬೆಳೆಯುತ್ತದೆ, ಆದರೆ ಕೀಳುವ ಹೊತ್ತಿಗೆ ಹೊಲ ಒಣಗಿದ್ದರೆ ಅರ್ಧ ಕಾಯಿ ನೆಲದಲ್ಲೇ ಉಳಿಯುತ್ತದೆ. ದಂಡೆಯ ಮರಳು ಪಟ್ಟಿಯಲ್ಲಿ ಕಲ್ಲಂಗಡಿ, ಸವತೆ ಹಾಕುತ್ತೇನೆ.

ಇಟ್ಟಂಗಿ ಭಟ್ಟಿಯವರೂ ಬಂದಿದ್ದರು, ಒಂದು ಅಡಿ ಮಣ್ಣಿಗೆ ಒಳ್ಳೆಯ ಹಣ ಕೊಡುವುದಾಗಿ. ಮೊದಲ ಬೆಳೆ ಸತ್ತ ವರ್ಷ ಅದು, ಮನಸ್ಸು ತೂಗಾಡಿತು. ಅಪ್ಪ ಬೇಡ ಎಂದರು. ಪಕ್ಕದ ಹೊಲದವರು ಕೊಟ್ಟರು. ಈಗ ಅವರ ಹೊಲ ನಮ್ಮದಕ್ಕಿಂತ ತಗ್ಗಿನಲ್ಲಿದ್ದು ಮಳೆಗಾಲದಲ್ಲಿ ನೀರು ನಿಲ್ಲುತ್ತದೆ, ನಮ್ಮ ಬದು ಅತ್ತ ಕುಸಿಯುತ್ತದೆ. ಆ ಬದುವಿನುದ್ದಕ್ಕೂ ಲಾವಂಚ ನೆಟ್ಟಿದ್ದೇನೆ, ಏಕೆಂದರೆ ಹರಿಯುವ ನೀರಿಗೆ ರೇವೆಯಷ್ಟು ಬೇಗ ಕೊಚ್ಚಿಹೋಗುವ ಮಣ್ಣು ಇನ್ನೊಂದಿಲ್ಲ.

ಇನ್ನೂ ಸರಿಯಾಗದ ಜಾಗ ಒಂದಿದೆ. 2019ರಲ್ಲಿ ಹಸಿ ನೆಲದಲ್ಲಿ ಟ್ರ್ಯಾಕ್ಟರ್ ತಿರುಗಿಸಿದ ಹೊಲದ ತುದಿಯಲ್ಲಿ ಇಂದಿಗೂ ನೀರು ಇಂಗುವುದಿಲ್ಲ, ಗಜ್ಜರಿ ಅಲ್ಲಿ ಮಾತ್ರ ಕವಲೊಡೆಯುತ್ತದೆ. ಕಳೆದ ವರ್ಷ ಅಲ್ಲಿ ತೊಗರಿ ಹಾಕಿದ್ದೆ, ಆಳಕ್ಕೆ ಇಳಿಯುವ ಬೇರು ದಾರಿ ಮಾಡೀತೆಂದು. ಗಿಡ ಕೊಯ್ದು ಬೇರನ್ನು ಮಣ್ಣಿನಲ್ಲೇ ಬಿಟ್ಟಿದ್ದೇನೆ. ಈ ಸಲವೂ ಅಲ್ಲಿ ತೊಗರಿಯೇ.