ಚಾರ್ಜ್ ಆಗುವ ಲೀಥಿಯಮ್ಮೋ, ಒಂದೇ ಸಲದ ಲೀಥಿಯಮ್ಮೋ: ನಾನು ಆರಿಸುವ ಬಗೆ

ಯಾರೂ ಸುಲಭಕ್ಕೆ ಹೋಗದ ಜಾಗದಲ್ಲಿ ವರ್ಷಗಟ್ಟಲೆ ತಾನಾಗಿ ಓಡಬೇಕಾದ ಅಳತೆ ಉಪಕರಣಗಳನ್ನು ವಿನ್ಯಾಸ ಮಾಡುವುದು ನನ್ನ ಕೆಲಸ. ನೀರಿನ ಮಟ್ಟ, ಒತ್ತಡ, ಉಷ್ಣಾಂಶ ಅಳೆದು ರೇಡಿಯೊದಲ್ಲಿ ಕಳಿಸುವ ಪುಟ್ಟ ಪೆಟ್ಟಿಗೆಗಳವು. ಬ್ಯಾಟರಿ ಮಾತು ಬಂದರೆ ಸಾಕು, ಎಲ್ಲರೂ ಕೇಳುವುದು ಎಷ್ಟು ಆಂಪಿಯರ್-ಅವರ್, ಅಂದರೆ ಒಳಗೆ ಎಷ್ಟು ಚಾರ್ಜ್ ಹಿಡಿಯುತ್ತದೆ ಅಂತ. ನಾನು ಮೊದಲು ಕೇಳುವುದೇ ಬೇರೆ. ಒಂದೇ ಏಟಿಗೆ ಹೆಚ್ಚೆಂದರೆ ಎಷ್ಟು ಕರೆಂಟ್ ಎಳೆಯುತ್ತದೆ, ಎಷ್ಟು ಹೊತ್ತು? ಕೊರೆಯುವ ಚಳಿಯಲ್ಲೂ ಅಷ್ಟು ಕೊಡಬೇಕೋ? ಮತ್ತೆ ಚಾರ್ಜ್ ಮಾಡಲು ಅಲ್ಲಿ ಬಿಸಿಲೋ ಮನುಷ್ಯರೋ ಇದ್ದಾರೋ? ಇಷ್ಟು ಗೊತ್ತಾದರೆ ಅರ್ಧ ತೀರ್ಮಾನ ಆದ ಹಾಗೆ.

ನಾನು ಲೆಕ್ಕ ಹಾಕುವ ರೀತಿ ಹೀಗೆ. ನಿದ್ದೆಯಲ್ಲಿರುವಾಗ 15 ಮೈಕ್ರೊಆಂಪಿಯರ್ ತಿನ್ನುವ, ಗಂಟೆಗೊಮ್ಮೆ 2 ಸೆಕೆಂಡ್ ಕಾಲ 100 ಮಿಲಿಆಂಪಿಯರ್ ಎಳೆದು ಮಾಹಿತಿ ಕಳಿಸುವ ಉಪಕರಣ ಅಂದುಕೊಳ್ಳಿ. ಕಳಿಸುವ ಖರ್ಚನ್ನು ಇಡೀ ಗಂಟೆಗೆ ಹಂಚಿದರೆ ಸುಮಾರು 55 ಮೈಕ್ರೊಆಂಪಿಯರ್. ಒಟ್ಟು 70ರ ಆಸುಪಾಸು, ಅಂದರೆ ವರ್ಷಕ್ಕೆ 0.6 ಆಂಪಿಯರ್-ಅವರ್‌ಗೆ ತುಸು ಹೆಚ್ಚು, ಹತ್ತು ವರ್ಷಕ್ಕೆ ಆರರ ಮೇಲೆ. ಒಂದೇ ಸಲ ಬಳಸುವ ಲೀಥಿಯಂ ಥಯೊನೈಲ್ ಕ್ಲೋರೈಡ್‌ನ ಸಿ ಗಾತ್ರದ ಸೆಲ್ಲಿನಲ್ಲಿ 8.5 ಆಂಪಿಯರ್-ಅವರ್ ಇರುತ್ತದೆ. ಕಾಗದದ ಮೇಲೆ ಸಾಕು. ಆದರೆ ತಯಾರಕರು ಆ ಅಂಕಿ ಕೊಡುವುದು ಕೋಣೆಯ ಉಷ್ಣಾಂಶದಲ್ಲಿ, ಕೆಲವೇ ಮಿಲಿಆಂಪಿಯರ್ ಎಳೆದಾಗ. ಚಳಿಯೂ ದೊಡ್ಡ ಪಲ್ಸೂ (ಸ್ವಲ್ಪ ಹೊತ್ತಿನ ಕರೆಂಟ್ ಹೊಡೆತ) ಸೇರಿದರೆ ಅದರಲ್ಲಿ ಒಂದು ಪಾಲು ಕೈಗೆ ಸಿಗುವುದೇ ಇಲ್ಲ. ಹಾಗಾಗಿ ಪೆಟ್ಟಿಗೆಯಲ್ಲಿ ಜಾಗ ಇದ್ದರೆ ನಾನು 19 ಆಂಪಿಯರ್-ಅವರ್‌ನ ಡಿ ಗಾತ್ರಕ್ಕೇ ಹೋಗುತ್ತೇನೆ.

ಇದೇ ಕೆಲಸಕ್ಕೆ ಚಾರ್ಜ್ ಆಗುವ ಲೀಥಿಯಂ ಅಯಾನ್ ಯಾಕೆ ಬೇಡ? ಸುಮ್ಮನೆ ಇಟ್ಟರೂ ಅದರ ಚಾರ್ಜ್ ತಿಂಗಳಿಗೆ ಶೇಕಡಾ ಒಂದೆರಡು ಸೋರುತ್ತದೆ, ಜೊತೆಗಿರುವ ರಕ್ಷಣಾ ಸರ್ಕ್ಯೂಟ್ ಇನ್ನಷ್ಟು ತಿನ್ನುತ್ತದೆ. ಪೂರ್ತಿ ಚಾರ್ಜ್ ಆಗಿ ಬಿಸಿಯಲ್ಲಿ ಕೂತರೆ, ಬಳಸದೆಯೇ ಮುಪ್ಪಾಗುತ್ತದೆ. ಥಯೊನೈಲ್ ಸೆಲ್ ಸೋರುವುದು ವರ್ಷಕ್ಕೆ ಶೇಕಡಾ ಒಂದರಷ್ಟು. ಸಾಮಾನ್ಯ ಮಾದರಿಗಳೇ ಮೈನಸ್ 55 ಡಿಗ್ರಿಯಿಂದ 85 ಡಿಗ್ರಿ ಸೆಲ್ಸಿಯಸ್‌ವರೆಗೆ ತಾಳುತ್ತವೆ.

ಇಷ್ಟು ಕಡಿಮೆ ಸೋರಲು ಕಾರಣವಾದದ್ದೇ ತಲೆನೋವೂ ಹೌದು. ಸೆಲ್ ಸುಮ್ಮನಿದ್ದಾಗ ಒಳಗಿನ ಲೀಥಿಯಂ ಮೇಲೆ ಲೀಥಿಯಂ ಕ್ಲೋರೈಡ್‌ನ ತೆಳು ಪದರ ಕಟ್ಟುತ್ತದೆ. ಅದಿಲ್ಲದಿದ್ದರೆ ಲೋಹವೂ ದ್ರವವೂ ತಾವಾಗಿಯೇ ವರ್ತಿಸಿ ಸೆಲ್ ಮುಗಿದುಹೋಗುತ್ತಿತ್ತು. ಬೆಚ್ಚಗಿನ ಉಗ್ರಾಣದಲ್ಲಿ ತಿಂಗಳುಗಟ್ಟಲೆ ಕೂತ ಸೆಲ್ಲಿನಲ್ಲಿ ಪದರ ದಪ್ಪವಾಗಿರುತ್ತದೆ. ಅಂಥದ್ದನ್ನು ತಂದು, ವೋಲ್ಟೇಜನ್ನು ಗೆರೆಯಾಗಿ ತೋರಿಸುವ ಆಸಿಲೋಸ್ಕೋಪಿಗೆ ಜೋಡಿಸಿ 100 ಮಿಲಿಆಂಪಿಯರ್ ಪಲ್ಸ್ ಎಳೆದರೆ, 3.6 ವೋಲ್ಟ್‌ನಲ್ಲಿ ನೆಟ್ಟಗೆ ನಿಂತಿದ್ದ ಗೆರೆ ಧಡಕ್ಕನೆ 3ರ ಕೆಳಗೆ ಬೀಳುತ್ತದೆ. ಪದರ ಒಡೆದಂತೆಲ್ಲ ಬಾಗಿಕೊಂಡು ನಿಧಾನ ಮೇಲೇರುತ್ತದೆ. ಪ್ರೊಸೆಸರ್ 2.8 ವೋಲ್ಟ್‌ಗೆ ರೀಸೆಟ್ ಆಗುವಂಥದ್ದಾಗಿದ್ದರೆ ಆ ಒಂದು ಕುಸಿತವೇ ಸಾಕು. ಉಪಕರಣ ಮತ್ತೆ ಶುರುವಾಗುತ್ತದೆ, ಮತ್ತೆ ರೇಡಿಯೊ ಹಾಕುತ್ತದೆ, ಮತ್ತೆ ಬೀಳುತ್ತದೆ. ಹೊರಗಿನಿಂದ ನೋಡಿದವರಿಗೆ ಹೊಸ ಬ್ಯಾಟರಿಯೇ ಸತ್ತಿದೆ ಅನ್ನಿಸುತ್ತದೆ. ಮಲ್ಟಿಮೀಟರ್ ಹಿಡಿದರೆ ಮಾತ್ರ 3.6 ವೋಲ್ಟ್ ಸರಿಯಾಗಿಯೇ ಇರುತ್ತದೆ! ಲೋಡ್ ಹಾಕದೆ ಅಳೆದ ವೋಲ್ಟೇಜನ್ನು ಈ ಸೆಲ್ಲುಗಳಲ್ಲಿ ನಾನು ಯಾವತ್ತೂ ಪುರಾವೆ ಅಂತ ಒಪ್ಪುವುದಿಲ್ಲ.

ಇದಕ್ಕೆ ನಾನು ಮಾಡುವುದು ಸೆಲ್ಲಿನ ಎರಡು ತುದಿಗಳ ನಡುವೆ, ಅದಕ್ಕೆ ಸಮಾನಾಂತರವಾಗಿ, ಚಾರ್ಜ್ ಕೂಡಿಟ್ಟು ಥಟ್ಟನೆ ಕೊಡುವ ಒಂದು ಕೆಪ್ಯಾಸಿಟರ್ ಕೂರಿಸುವುದು. ಸೆಲ್ ಅದನ್ನು ಮೆಲ್ಲಗೆ ತುಂಬುತ್ತದೆ, ಪಲ್ಸಿನ ಹೊಡೆತವನ್ನು ಅದು ಹೊರುತ್ತದೆ. ಆರಿಸುವಾಗ ಅದರ ಸೋರಿಕೆಯನ್ನೂ ನೋಡಲೇಬೇಕು. ನಿದ್ದೆಯ ಖರ್ಚೇ 15 ಮೈಕ್ರೊಆಂಪಿಯರ್ ಆಗಿರುವಾಗ ಕೆಪ್ಯಾಸಿಟರ್ ಒಂದೇ 10 ತಿಂದರೆ ಲೆಕ್ಕವೆಲ್ಲ ತಲೆಕೆಳಗು. ಇನ್ನೊಂದು ವಿಷಯ: ಈ ಸೆಲ್ಲಿನ ವೋಲ್ಟೇಜ್ ಕೊನೆತನಕ ಸಮತಟ್ಟಾಗಿರುವುದರಿಂದ ಎಷ್ಟು ಉಳಿದಿದೆ ಅಂತ ಅದನ್ನು ನೋಡಿ ಹೇಳಲಾಗುವುದಿಲ್ಲ. ಕಳಿಸಿದ ಪ್ರತಿ ಸಂದೇಶದ ಖರ್ಚನ್ನು ಸಾಫ್ಟ್‌ವೇರಿನಲ್ಲೇ ಕೂಡುತ್ತಾ ಹೋಗುತ್ತೇನೆ.

ದಿನವೂ ಕೈಯಲ್ಲಿ ಹಿಡಿದು ಬಳಸುವ ಮೀಟರ್, ಮೋಟಾರ್ ತಿರುಗಿಸುವ ಯಂತ್ರ, ಆಂಪಿಯರ್‌ಗಟ್ಟಲೆ ಎಳೆಯುವ ಯಾವುದೇ ಆಗಲಿ, ಚಾರ್ಜ್ ಆಗುವ ಸೆಲ್ಲೇ ಸರಿ. ಇದರಲ್ಲಿ ನನಗೆ ಯಾವ ಅನುಮಾನವೂ ಇಲ್ಲ. ತೂಕ ಮುಖ್ಯವಾದರೆ 3.6 ವೋಲ್ಟ್‌ನ ಲೀಥಿಯಂ ಅಯಾನ್, ಬಾಳಿಕೆಯೂ ಸುರಕ್ಷತೆಯೂ ಮುಖ್ಯವಾದರೆ 3.2 ವೋಲ್ಟ್‌ನ ಲೀಥಿಯಂ ಐರನ್ ಫಾಸ್ಫೇಟ್.

ಕಷ್ಟ ಇರುವುದು ನಡುವಿನ ಉಪಕರಣಗಳಲ್ಲಿ. ಸೋಲಾರ್ ಹಾಕಬಹುದಾದ ಜಾಗ, ಆದರೆ ಚಳಿ ಸೊನ್ನೆಯ ಕೆಳಗೆ ಇಳಿಯುತ್ತದೆ. ಲೀಥಿಯಂ ಅಯಾನ್ ಸೆಲ್ ಮೈನಸ್ 20ರಲ್ಲೂ ಕರೆಂಟ್ ಕೊಡುತ್ತದೆ, ಆದರೆ ಸೊನ್ನೆಯ ಕೆಳಗೆ ಚಾರ್ಜ್ ಮಾಡಿದರೆ ಲೀಥಿಯಂ ಸೆಲ್ಲಿನ ಋಣ ಧ್ರುವದ ಗ್ರಾಫೈಟಿನ ಒಳಗೆ ಸೇರದೆ ಮೇಲೆಯೇ ಲೋಹವಾಗಿ ಕೂರುತ್ತದೆ. ಅದು ಮುಂದೆ ಶಾರ್ಟ್ ಆಗಲೂ ದಾರಿ. ಚಳಿಗಾಲದ ಬೆಳಗ್ಗೆ ಬಿಸಿಲು ಪ್ಯಾನೆಲ್ಲಿಗೆ ಚೆನ್ನಾಗಿ ಬೀಳುತ್ತಿದ್ದರೂ ಸೆಲ್ ಇನ್ನೂ ಮರಗಟ್ಟಿರುತ್ತದೆ. ಅದಕ್ಕೇ ಸೆಲ್ಲಿಗೇ ಒಂದು ಥರ್ಮಿಸ್ಟರ್ (ಉಷ್ಣಾಂಶ ಅಳೆಯುವ ಪುಟ್ಟ ಬಿಡಿಭಾಗ) ಅಂಟಿಸಿ, ಅದು ಒಪ್ಪುವವರೆಗೆ ಚಾರ್ಜ್ ತಡೆಯುತ್ತೇನೆ. ವಾರಗಟ್ಟಲೆ ಸೊನ್ನೆಯ ಮೇಲೆ ಏರದ ಜಾಗವಾದರೆ ಸೋಲಾರ್ ಯೋಚನೆ ಬಿಟ್ಟು ಥಯೊನೈಲಿಗೇ ಮರಳುತ್ತೇನೆ.

ಕನೆಕ್ಟರ್ ಬಗ್ಗೆಯೂ ನಾನು ಹಟಮಾರಿ. ಎಎ ಗಾತ್ರದಲ್ಲೇ 1.5 ವೋಲ್ಟ್‌ನ ಲೀಥಿಯಂ ಇದೆ, 3.6ರ ಥಯೊನೈಲ್ ಇದೆ, ಚಾರ್ಜ್ ಆಗುವ 14500 ಎಂಬ ಲೀಥಿಯಂ ಅಯಾನ್ ಸೆಲ್ ಕೂಡ ಇದೆ. ಒಂದರ ಜಾಗದಲ್ಲಿ ಇನ್ನೊಂದು ಸಲೀಸಾಗಿ ಕೂರುತ್ತದೆ. ಒಂದೇ ಸಲದ ಲೀಥಿಯಂ ಸೆಲ್ಲಿಗೆ ಚಾರ್ಜ್ ಕೊಟ್ಟರೆ ಅದು ಸಿಡಿಯಬಹುದು. ಹಾಗಾಗಿ ಸ್ಪ್ರಿಂಗ್ ಹೋಲ್ಡರ್ ಇಡದೆ, ಪಟ್ಟಿ ವೆಲ್ಡ್ ಆದ ಸೆಲ್ಲಿಗೆ ವೈರ್ ಹಾಕಿಸಿ, ಎರಡು ಬಗೆಗೆ ಎರಡು ಬೇರೆ ಆಕಾರದ ಕನೆಕ್ಟರ್ ಕೊಡುತ್ತೇನೆ.