ಮೆಣಸಿ ಕಚ್ಚೋದು ನಿಲ್ಸಿದ ಮೇಲೆ

ನಮ್ಮ ಬೆಕ್ಕು ಮೆಣಸಿ ಹೋದ ದಿನ ರಾತ್ರಿ ನಾನು ಒಂದೇ ನಿದ್ದೆ ಮಾಡ್ದೆ. ಬೆಳಿಗ್ಗೆ ಆರೂಕಾಲಿಗೆ ಎಚ್ಚರ ಆದಾಗ ಮೈ ಹಗುರ ಇತ್ತು, ಹದಿನಾಲ್ಕು ತಿಂಗಳಿಂದ ಹಂಗೆ ಮಲಗಿದ್ದೇ ಇಲ್ಲ, ನಿಜ ಹೇಳ್ಬೇಕು ಅಂದ್ರೆ ಮೊದಲು ಮನಸ್ಸಿಗೆ ಬಂದಿದ್ದು 'ಅಬ್ಬಾ, ಇವತ್ತು ಸೂಜಿ ಇಲ್ಲ' ಅಂತ. ಅಳು ಬಂದಿದ್ದು ಆಮೇಲೆ, ಹಾಲು ಕಾಯ್ಸುವಾಗ. ಎರಡನ್ನೂ ಬರೀಬೇಕು ಅಂತಲೇ ಕೂತಿದೀನಿ. ಸಾಧು ಬೆಕ್ಕು ಸತ್ರೆ ಅಳೋದು ಎಲ್ರಿಗೂ ಅರ್ಥ ಆಗುತ್ತೆ, ಆದ್ರೆ ಮನೆಮಂದಿನೆಲ್ಲ ಹತ್ತು ವರ್ಷ ಹೆದರ್ಸಿಟ್ಟಿದ್ದ ಬೆಕ್ಕು ಸತ್ತಾಗ ಅಳುನೂ ಬರುತ್ತೆ ನಿರಾಳನೂ ಆಗುತ್ತೆ, ಆ ನಿರಾಳನ ಯಾರ ಹತ್ರ ಹೇಳ್ಕೊಳೋದು ಅಂತ ನಂಗೆ ಗೊತ್ತಾಗ್ಲಿಲ್ಲ.

ನಮ್ಮದು ಸಕಲೇಶಪುರದ ಹತ್ರ ಸಣ್ಣ ಕಾಫಿ ತೋಟ. 2013ರ ಡಿಸೆಂಬರಲ್ಲಿ ಅರೇಬಿಕಾ ಕುಯ್ಲು ನಡೀತಿದ್ದಾಗ ಗೋಡೌನಲ್ಲಿ ಚೀಲಗಳ ಹಿಂದೆ ಸಿಕ್ಕಿದ್ಲು. ಬೂದಿ ಬಣ್ಣದ ಮೈ ಮೇಲೆ ಕರಿ ಚುಕ್ಕೆ, ಕಣದಲ್ಲಿ ಮೆಣಸು ಚೆಲ್ಲಿದಂಗೆ, ಅದಕ್ಕೇ ಆ ಹೆಸರು. ಆಗಲೇ ನಾಲ್ಕು ತಿಂಗಳಾಗಿತ್ತೇನೋ. ಬೆಕ್ಕಿನ ಮರಿ ಮನುಷ್ಯರ ಕೈಗೆ ಒಗ್ಗೋದು ಹುಟ್ಟಿದ ಎರಡನೇ ವಾರದಿಂದ ಏಳನೇ ವಾರದ ಒಳಗೆ ಅಂತಾರೆ, ಅದು ದಾಟಿದ ಮೇಲೆ ಒಗ್ಗೋದೇ ಇಲ್ಲ ಅಂತಲ್ಲ, ಆದ್ರೆ ತುಂಬ ತಾಳ್ಮೆ ಬೇಕು. ಇವೆಲ್ಲ ಆಗ ನಂಗೆ ಗೊತ್ತಿರ್ಲಿಲ್ಲ. ಹಾಲು ಹಾಕಿದ್ರೆ ಪಳಗ್ತಾಳೆ ಅಂದ್ಕೊಂಡಿದ್ದೆ.

ಪಳಗ್ಲಿಲ್ಲ. ಅಟ್ಟದ ಮೆಟ್ಟಿಲಲ್ಲಿ ಮೂರನೇದು ಅವಳದ್ದು, ಅಲ್ಲಿ ಕೂತಿದ್ದಾಗ ಯಾರೇ ಹತ್ತಿದ್ರೂ ಹಿಮ್ಮಡಿಗೆ ಬಾಯಿ ಹಾಕೋಳು. ತಾನಾಗೇ ಬಂದು ತೊಡೆ ಮೇಲೆ ಕೂರೋಳು, ತಲೆ ಸವರಿಸ್ಕೊಳೋಳು, ಇದ್ದಕ್ಕಿದ್ದಂಗೆ ಬಾಲ ಪಟ್ ಪಟ್ ಅಂತ ಬಡಿದು ಮುಂಗೈ ಕಚ್ಚಿ ಓಡೋಳು. ನನ್ನ ಮಗ ಅಂಬೆಗಾಲಿಡೋ ವಯಸ್ಸಲ್ಲಿ ಅವನ ಕಣ್ಣಿನ ಕೆಳಗೆ ಪರಚಿದ್ಲು, ಆವತ್ತಿಂದ ಅವನಿಗೆ ಎರಡು ವರ್ಷ ಆಗೋವರೆಗೂ ಹಾಲ್ ಬಾಗಿಲು ಚಿಲಕ ಹಾಕೇ ಇರೋದು. ಅತ್ತೆ ಹಾಲಿನ ಪಾತ್ರೆ ಮೇಲೆ ಗುಂಡುಕಲ್ಲು ಇಡೋರು. "ಬೆಕ್ಕಲ್ಲ ಕಣೆ ಇದು, ಯಾವ ಜನ್ಮದ ಸಾಲನೋ" ಅಂತ ದಿನಕ್ಕೊಂದು ಸಲನಾದ್ರೂ ಹೇಳೋರು.

2019ರಲ್ಲಿ ಒಂದ್ಸಲ ಹೆಬ್ಬೆರಳಿನ ಬುಡಕ್ಕೆ ಆಳವಾಗಿ ಕಚ್ಚಿದ್ಲು. ಸಣ್ಣ ತೂತು ಅಂತ ನಾನು ಅರಿಶಿನ ಹಚ್ಕೊಂಡು ಸುಮ್ನಾದೆ, ಮಾರನೇ ದಿನಕ್ಕೆ ಕೈ ಬನ್ನಿನ ಥರ ಊದ್ಕೊಂಡಿತ್ತು. ಬೆಕ್ಕಿನ ಕೋರೆಹಲ್ಲು ಸೂಜಿ ಇದ್ದಂಗೆ, ಚರ್ಮ ಮೇಲೆ ಬೇಗ ಮುಚ್ಕೊಂಡು ಕೀವು ಒಳಗೇ ಉಳಿಯುತ್ತೆ. ದಯವಿಟ್ಟು ಯಾರೂ ನನ್ ಥರ ಮಾಡ್ಬೇಡಿ. ಹದಿನೈದು ನಿಮಿಷ ಸೋಪು ಹಾಕಿ ನಲ್ಲಿ ನೀರಲ್ಲಿ ತೊಳೀರಿ, ಅದೇ ದಿನ ಆಸ್ಪತ್ರೆಗೆ ಹೋಗಿ, ರೇಬಿಸ್ ಲಸಿಕೆ ಹಾಕಿಸ್ಕೊಳಿ. ನಂಗೆ ಸರ್ಕಾರಿ ಆಸ್ಪತ್ರೆಲಿ ಮೊದಲ ದಿನ, ಆಮೇಲೆ 3, 7, 28ನೇ ದಿನ ಅಂತ ತೋಳಿಗೆ ಹಾಕಿದ್ರು.

ಯಾರಿಗಾದ್ರೂ ಕೊಟ್ಬಿಡಿ ಅಂತ ಎಲ್ರೂ ಹೇಳಿದ್ರು. ಕಚ್ಚೋ ಬೆಕ್ಕನ್ನ ಯಾರು ತಗೋತಾರೆ, ತಗೊಂಡ್ರೂ ಎಷ್ಟು ದಿನ ಇಟ್ಕೋತಾರೆ. ಅಷ್ಟೇ ಅಲ್ಲ, ಜಡಿಮಳೇಲಿ ಕರೆಂಟ್ ಹೋಗಿ ಇಡೀ ಮನೆ ಕತ್ಲಾಗಿದ್ದಾಗ ಬಚ್ಚಲ ಒಲೆ ಮುಂದೆ ನಾನೊಬ್ಳೇ ಕೂತಿದ್ರೆ ಬಂದು ಪಕ್ಕ ಕೂರೋಳು, ಮುಟ್ಟೋಹಾಗಿಲ್ಲ, ಒಂದು ಗೇಣು ದೂರ. ಆ ಗೇಣು ದೂರದಲ್ಲಿ ಅವಳು ಗುರುಗುಟ್ಕೊಂಡು ಕೂತಿದ್ದನ್ನ ಬೇರೆ ಯಾರೂ ನೋಡಿಲ್ಲ. ನಂಗೆ ಅವಳ ಮೇಲೆ ಪ್ರೀತಿ ಇದ್ದಿದ್ದು ನಿಜ.

2021ರಲ್ಲಿ ತಿನ್ನೋವಾಗ ದವಡೆ ಕಟಕಟ ಅನ್ಸೋಕೆ ಶುರು ಮಾಡಿದ್ಲು. ಅದಕ್ಕೆ ಮುಂಚೆ ಒಂದು ಕ್ಲಿನಿಕ್ಕಲ್ಲಿ ಬಾಯಿ ತೆಗೆದೂ ನೋಡದೆ ಸೊಕ್ಕಿನ ಬೆಕ್ಕು ಅಂತ ಹೇಳಿ ಕಳ್ಸಿದ್ರು, ನಾನೂ ನಂಬಿದ್ದೆ. ಹಾಸನದಲ್ಲಿ ಸಿಕ್ಕ ಡಾಕ್ಟರ್ ಮೇಡಂ ಅರಿವಳಿಕೆ ಕೊಟ್ಟು ಬಾಯಿ ನೋಡಿ ನಾಲ್ಕು ಹಲ್ಲು ಬುಡದಲ್ಲೇ ಕರಗಿ ಗುಂಡಿ ಬಿದ್ದಿವೆ ಅಂದ್ರು. ಬೆಕ್ಕುಗಳಲ್ಲಿ ಇದು ಬಹಳ ಸಾಮಾನ್ಯ ಅಂತೆ, ವಿಪರೀತ ನೋವು, ಆದ್ರೂ ಬೆಕ್ಕು ತೋರಿಸ್ಕೊಳೋದಿಲ್ಲ. ನಾಲ್ಕೂ ಕಿತ್ತ ಮೇಲೆ ಸಿಟ್ಟು ಅರ್ಧಕ್ಕರ್ಧ ಇಳೀತು. ನಾನು ಖುಷಿ ಪಡ್ಬೇಕಿತ್ತು, ಆದ್ರೆ ಎಷ್ಟು ವರ್ಷದಿಂದ ನೋಯ್ತಿತ್ತೋ, ಎಷ್ಟು ಸಲ ನಾನು ಬೈದು ಮಳೇಲಿ ಹೊರಗೆ ಹಾಕಿದೀನೋ ಅಂತ ಲೆಕ್ಕ ಹಾಕ್ತಾ ಕೂತೆ. ಉಳಿದರ್ಧ ಸಿಟ್ಟು ಮಾತ್ರ ಅವಳದ್ದೇ, ಅದು ಕೊನೇವರೆಗೂ ಇತ್ತು.

2023ರ ಮೇ ತಿಂಗಳಲ್ಲಿ ಬಚ್ಚಲ ಹಂಡೆಗೆ ಬಾಯಿ ಹಾಕಿ ನೀರು ಕುಡಿಯೋಕೆ ಹತ್ತಿದ್ಲು, ಒಂದಕ್ಕೆ ಹೋಗೋದೂ ಜಾಸ್ತಿ ಆಯ್ತು. ರಕ್ತ ಪರೀಕ್ಷೇಲಿ ಕ್ರಿಯಾಟಿನಿನ್, ಅಂದ್ರೆ ಕಿಡ್ನಿ ಹೆಂಗಿದೆ ಅಂತ ತೋರ್ಸೋ ನಂಬರ್, 3.4ಕ್ಕೆ ಏರಿತ್ತು. ಕಿಡ್ನಿ ಮುಕ್ಕಾಲು ಭಾಗ ಹಾಳಾಗೋವರೆಗೂ ಈ ನಂಬರ್ ಏರೋದೇ ಇಲ್ವಂತೆ, ಅಂದ್ರೆ ನಮಗೆ ಗೊತ್ತಾಗೋ ಹೊತ್ತಿಗೇ ತಡ ಆಗಿರುತ್ತೆ. ವಾಸಿ ಆಗೋದಲ್ಲ, ಮನೇಲೇ ಚರ್ಮದಡಿ ಡ್ರಿಪ್ ಕೊಟ್ರೆ ಸ್ವಲ್ಪ ಕಾಲ ಚೆನ್ನಾಗಿರ್ತಾಳೆ ಅಂದ್ರು. ಈ ಬೆಕ್ಕಿಗೆ, ಮನೇಲಿ, ಸೂಜಿ! ನಾನು ಮೇಡಂ ಮುಖನೇ ನೋಡ್ದೆ. "ನೋಡಿ, ಒಂದು ವಾರ ಪ್ರಯತ್ನ ಮಾಡಿ, ಆಗ್ಲಿಲ್ಲ ಅಂದ್ರೆ ಬಿಟ್ಬಿಡಿ, ಯಾರೂ ನಿಮ್ಮನ್ನ ಏನೂ ಅನ್ನಲ್ಲ" ಅಂದ್ರು. ಆ ಮಾತಿಂದಲೇ ನಾನು ಮಾಡಿದ್ದು.

ಹೆಂಗೆ ಮಾಡಿದೆ ಅಂತ ಹೇಳ್ತೀನಿ, ಕಚ್ಚೋ ಬೆಕ್ಕಿರೋರಿಗೆ ಉಪಯೋಗ ಆಗ್ಬೋದು. ರಿಂಗರ್ ಲ್ಯಾಕ್ಟೇಟ್ ಅನ್ನೋ ಡ್ರಿಪ್ ನೀರಿನ 500 ಎಂಎಲ್ ಬಾಟ್ಲಿ, ಒಂದ್ಸಲಕ್ಕೆ 100 ಎಂಎಲ್, ದಿನ ಬಿಟ್ಟು ದಿನ, ಇದು ಅವಳ ತೂಕಕ್ಕೆ ಡಾಕ್ಟರ್ ಹೇಳಿದ ಅಳತೆ, ನಿಮ್ಮ ಬೆಕ್ಕಿಗೆ ನಿಮ್ಮ ಡಾಕ್ಟರ್ ಹೇಳ್ಬೇಕು. ಬಾಟ್ಲಿನ ಬಿಸಿನೀರಿನ ಪಾತ್ರೇಲಿ ಇಟ್ಟು ಮುಂಗೈ ಒಳಗಡೆಗೆ ತಾಗಿಸಿದ್ರೆ ಉಗುರುಬೆಚ್ಚಗೆ ಅನ್ನಿಸ್ಬೇಕು, ತಣ್ಣಗಿರೋ ನೀರು ಮೈಯೊಳಗೆ ಹೋದ್ರೆ ನಡುಗ್ತಾರೆ, ಕಚ್ತಾರೆ. ಅಟ್ಟದ ಜಂತಿಗೆ ಕೊಕ್ಕೆ ಹೊಡೆದು ಬಾಟ್ಲಿ ನೇತಾಕ್ತಿದ್ದೆ, ಎತ್ತರ ಇದ್ದಷ್ಟೂ ಬೇಗ ಇಳಿಯುತ್ತೆ, ನಾಲ್ಕೈದು ನಿಮಿಷದಲ್ಲಿ ಮುಗೀಬೇಕು, ಅದಕ್ಕಿಂತ ಜಾಸ್ತಿ ಮೆಣಸಿ ಕೊಡ್ತಿರ್ಲಿಲ್ಲ. ಟರ್ಕಿ ಟವಲ್ಲಲ್ಲಿ ಸುತ್ತಿ ಹಿಡಿಯೋಕೆ ಹೋಗಿ ಮೊದಲ್ನೇ ವಾರ ರಕ್ತ ಬಂದಿದ್ದೇ ಬಂದಿದ್ದು. ಆಮೇಲೆ ಒಂದು ದಿನ ಕಾಫಿ ಕುಯ್ಯೋ ಹಳೇ ಬುಟ್ಟೀಲಿ ಕಂಬಳಿ ಹಾಕಿ ಇಟ್ಟಿದ್ದೆ, ತಾನೇ ಹೋಗಿ ಕೂತ್ಲು. ಮುಂದೆಲ್ಲ ಅಲ್ಲೇ ಕೊಟ್ಟಿದ್ದು. ಬುಟ್ಟಿ ಎತ್ತರ ಇರೋದ್ರಿಂದ ಮೇಲಿಂದ ಭುಜದ ಮಧ್ಯದ ಸಡಿಲ ಚರ್ಮ ಮಾತ್ರ ನನ್ನ ಕೈಗೆ ಸಿಗೋದು, ಅವಳ ಬಾಯಿ ಬಂಗುಡೆ ಮೀನಿನ ತಟ್ಟೆ ಕಡೆ ಇರೋದು. ಚರ್ಮನ ಟೆಂಟಿನ ಥರ ಮೇಲಕ್ಕೆತ್ತಿ ಆ ಗೂಡಿನ ಒಳಗೆ ಸೂಜಿ ಹಾಕ್ಬೇಕು. ಕೈ ನಡುಗಿದ್ರೆ ಸೂಜಿ ಆ ಕಡೆ ಆಚೆ ಬಂದು ನೀರೆಲ್ಲ ಕೂದಲ ಮೇಲೆ ಹರಿಯುತ್ತೆ, ನಂಗೆ ಎಷ್ಟೋ ಸಲ ಹಂಗಾಗಿದೆ. ಮುಗಿದ ಮೇಲೆ ಬೆನ್ನ ಮೇಲೆ ಒಂದು ಡುಬ್ಬ ಏಳುತ್ತೆ, ಸಂಜೆಗೆ ಅದು ಮುಂಗಾಲಿನ ಕಡೆ ಜಾರಿರುತ್ತೆ, ಹೆದರ್ಬೇಡಿ, ಮಾರನೇ ದಿನಕ್ಕೆ ಇಂಗುತ್ತೆ. ಆಮೇಲೊಂದು ಮಾತು, ಪಕ್ಕದ ತೋಟದೋರು ಒಬ್ರು ನೋವಿಗೆ ಕಾಲು ಮಾತ್ರೆ ಪ್ಯಾರಾಸಿಟಮಾಲ್ ಕೊಡಿ ಅಂದಿದ್ರು. ಚೂರು ಕೂಡ ಕೊಡ್ಬೇಡಿ, ಬೆಕ್ಕಿಗೆ ಅದು ವಿಷ.

ಕುಯ್ಲಿನ ಲೆಕ್ಕ ಬರೆಯೋ ಉದ್ದ ಬುಕ್ಕಲ್ಲಿ ಅವಳ ಲೆಕ್ಕನೂ ಬರೀತಿದ್ದೆ. ತಾರೀಖು, ಎಷ್ಟು ಎಂಎಲ್, ಏನು ತಿಂದ್ಲು, ವಾರಕ್ಕೊಂದ್ಸಲ ತೂಕ, ಕಚ್ಚಿದ್ರೆ ಪಕ್ಕದಲ್ಲಿ 'ಕ'. ಮೊದಲ್ನೇ ತಿಂಗಳಲ್ಲೇ ಒಂಬತ್ತು 'ಕ'. ಮನೇಲಿ ಯಾರೂ ಎರಡು ದಿನ ಊರು ಬಿಡೋಹಂಗಿಲ್ಲ, ತಂಗಿ ಮನೆ ಗೃಹಪ್ರವೇಶಕ್ಕೂ ನಾನು ಬೆಳಿಗ್ಗೆ ಹೋಗಿ ಸಂಜೆ ವಾಪಸ್. "ನಿಂಗೆ ಇದೆಲ್ಲ ಬೇಕಿತ್ತಾ" ಅಂತ ನಮ್ಮನೆಯವ್ರು ಕೇಳ್ದಾಗ ಸಿಟ್ಟು ಬರೋದು, ಅದೇ ಪ್ರಶ್ನೆನ ನಾನೂ ದಿನಾ ಕೇಳ್ಕೋತಿದ್ದೆ.

2024ರ ಜೂನಲ್ಲಿ ಕೆಲಸ ಸುಲಭ ಆಯ್ತು. ಬುಟ್ಟಿಗೆ ಹೋಗಿ ಮಲಗೋಳು, ಸೂಜಿ ಹಾಕಿದ್ರೆ ಕಿವಿ ಸ್ವಲ್ಪ ಹಿಂದಕ್ಕೆ ಮಾಡೋಳು, ಅಷ್ಟೇ. ಕೊನೆಗೂ ನನ್ನ ಮೇಲೆ ನಂಬಿಕೆ ಬಂತು ಅಂದ್ಕೊಂಡೆ. ತಲೆ ಸವರಿದ್ರೂ ಸುಮ್ನಿದ್ಲು, ಅಷ್ಟು ವರ್ಷದಲ್ಲಿ ಮೊದಲ್ನೇ ಸಲ ನಾನು ಅವಳ ಹೊಟ್ಟೆ ಮೇಲೆ ಕೈಯಿಟ್ಟಿದ್ದು ಆಗಲೇ. ಫೋಟೋ ತೆಗೆದು ತಂಗಿಗೂ ಕಳ್ಸಿದ್ದೆ, ನೋಡೆ ಹೆಂಗಾಗಿದಾಳೆ ಅಂತ. ಜುಲೈ ಮೊದಲ್ನೇ ವಾರ ಡಾಕ್ಟರಿಗೆ ಹೇಳೋಕೆ ಅಂತ ಬುಕ್ ತಿರುಗಿಸ್ತಾ ಇದ್ದೆ. ಜೂನ್ 14ರ ಮೇಲೆ ಒಂದೂ 'ಕ' ಇಲ್ಲ. ಅದೇ ಪುಟದಲ್ಲಿ ತೂಕ 2.9, 2.6, 2.3. ಆಗ ಗೊತ್ತಾಯ್ತು ನಂಗೆ. ಕಚ್ಚೋಕೆ ತ್ರಾಣ ಇಲ್ಲ ಅವಳಿಗೆ. ನಾನು ಮೂರು ವಾರ ಖುಷಿಯಾಗಿದ್ದೆ.

ಇದನ್ನ ನುಂಗೋಕೆ ನಂಗೆ ಇವತ್ತಿಗೂ ಆಗ್ತಿಲ್ಲ.

ಮೈ ನೆಕ್ಕೊಳೋದೂ ಬಿಟ್ಟಿದ್ಲು, ಬಾಯಿಂದ ಒಂಥರಾ ಗೊಬ್ಬರದ ವಾಸನೆ, ರಕ್ತದಲ್ಲಿ ವಿಷ ತುಂಬಿದಾಗ ಹಂಗೆ ಬರುತ್ತಂತೆ. ಕ್ರಿಯಾಟಿನಿನ್ 7.8. ಇನ್ನು ಹಿಂಸೆ ಬೇಡ ಅಂತ ಮೇಡಂ ಮೆತ್ತಗೆ ಹೇಳಿದ್ರು. ಅತ್ತೆ ಮಾತ್ರ ಒಪ್ಲಿಲ್ಲ, "ಬೆಕ್ಕು ಕೊಂದ ಪಾಪ ಕಾಶಿಗೆ ಹೋದ್ರೂ ಕಳಿಯಲ್ಲ ಕಣೆ" ಅಂದ್ರು. ಅವರಿಗೆ ಅವಳನ್ನ ಕಂಡ್ರೆ ಆಗ್ತಿರ್ಲಿಲ್ಲ, ಆದ್ರೂ ಹಂಗಂದ್ರು. ಮೂರು ದಿನ ನಾನು ಯಾರ ಹತ್ರನೂ ಮಾತಾಡ್ಲಿಲ್ಲ. ಅವಳಿಗೆ ಕಷ್ಟ ಆಗ್ತಿದೆ ಅಂತ ಕಳಿಸ್ತಿದೀನಾ, ನಂಗೆ ಸಾಕಾಗಿದೆ ಅಂತ ಕಳಿಸ್ತಿದೀನಾ, ಎಷ್ಟು ಬಗೆದ್ರೂ ಎರಡೂ ಅಂತಲೇ ಬರ್ತಿತ್ತು.

ಪುಷ್ಯ ಮಳೆ ಹಿಡ್ಕೊಂಡಿತ್ತು. ಶಿರಾಡಿ ಘಾಟಿಲಿ ದೊಡ್ಡತಪ್ಪಲು ಹತ್ರ ಗುಡ್ಡ ಕುಸಿದು ರಸ್ತೆ ಬಂದ್ ಆಗಿತ್ತಲ್ಲ, ಅದೇ ಮಳೆಗಾಲ. ನಾವು ಹೋಗ್ಬೇಕಿದ್ದು ಹಾಸನದ ಕಡೆ, ಹಂಗಾಗಿ ದಾರಿ ಇತ್ತು. ಮುಂಚೆ ಎಲ್ಲ ನಲವತ್ತು ಕಿಲೋಮೀಟರೂ ಕೂಗ್ತಾ ಬರೋಳು, ಈ ಸಲ ಅದೇ ಬುಟ್ಟೀಲಿ ನನ್ನ ತೊಡೆ ಮೇಲೆ ಸದ್ದಿಲ್ಲ. ಮೊದಲು ಮಂಪರಿನ ಇಂಜೆಕ್ಷನ್ ಕೊಟ್ರು. ಅದು ಚುಚ್ಚಿದಾಗ ತಲೆ ಎತ್ತಿ ನನ್ನ ಹೆಬ್ಬೆರಳನ್ನ ಬಾಯಲ್ಲಿ ಹಿಡ್ಕೊಂಡ್ಲು. ಹಲ್ಲು ತಾಗ್ತು, ಒತ್ಲಿಲ್ಲ. ಒತ್ತೋಕೆ ಆಗ್ಲಿಲ್ವೋ ಬೇಡ ಅಂತ ಬಿಟ್ಲೋ. ಆಮೇಲೆ ಅರಿವಳಿಕೆ ಮದ್ದನ್ನೇ ಜಾಸ್ತಿ ಪ್ರಮಾಣದಲ್ಲಿ, ಒಂದೆರಡು ನಿಮಿಷ ಅಷ್ಟೇ. ಕಣ್ಣು ತೆರೆದೇ ಇರುತ್ತೆ, ಅದನ್ನ ಮೊದ್ಲೇ ಹೇಳಿದ್ರು, ಹೇಳಿದ್ದು ಒಳ್ಳೇದಾಯ್ತು.

ಮನೆಗೆ ತಂದು ಸಿಲ್ವರ್ ಓಕ್ ಮರದ ಬುಡದಲ್ಲಿ ಮಣ್ಣು ಮಾಡಿದ್ವಿ. ಕಾಡುಹಂದಿ ಕಾಟ, ಅದಕ್ಕೆ ಮೂರಡಿ ತೋಡಿ ಮೇಲೆ ಸೈಜುಗಲ್ಲು ಜೋಡಿಸ್ಬೇಕಾಯ್ತು. ಗುಂಡಿ ತುಂಬ ನೀರು, ಮೊಗೆದಷ್ಟೂ ಬರ್ತಿತ್ತು. ಅತ್ತೆ ಕೊಡೆ ಹಿಡ್ಕೊಂಡು ಬಂದು ಒಂದು ಲೋಟ ಹಾಲು ಕಲ್ಲಿನ ಮೇಲೆ ಸುರಿದು ಏನೂ ಮಾತಾಡ್ದೆ ಹೋದ್ರು.

ಆಮೇಲಿನ ದಿನಗಳಲ್ಲಿ ಮನೇಲಿ ಬಾಗಿಲು ತೆರೆದೇ ಇರ್ತಿತ್ತು. ಮಗ ಮೊದಲ್ನೇ ಸಲ ಸ್ಕೂಲ್ ಫ್ರೆಂಡ್ಸನ್ನ ಮನೆಗೆ ಕರ್ಕೊಂಡು ಬಂದ, ಮೆಟ್ಲ ಮೇಲೆಲ್ಲ ಕುಣಿದ್ವು ಮಕ್ಕಳು. ಅದನ್ನ ನೋಡಿ ಸಂತೋಷ ಆಯ್ತು, ಸಂತೋಷ ಆಯ್ತಲ್ಲ ಅಂತ ಹೊಟ್ಟೆಲಿ ಕಲಸಿದಂಗಾಯ್ತು. ರಾತ್ರಿ ಬುಕ್ ತೆಗೆದೆ. ನಾನು ಬೇಗ ಕಳ್ಸಿಬಿಟ್ಟೆ ಅನ್ನಿಸ್ದಾಗೆಲ್ಲ ತೆಗೀತಿದ್ದೆ, ತೂಕದ ಸಾಲು ಓದೋಕೆ. ಆವತ್ತು ಜನವರಿ ಪುಟ ತೆರ್ಕೊಂಡ್ತು. ರೋಬಸ್ಟಾ ಕುಯ್ಲಿನ ಗಲಾಟೆ ನಡುವೆ ಮುಂಗೈಗೆ ಎರಡು ಸಲ ಕಚ್ಚಿದ್ಲು ಆವತ್ತು. ನನ್ನದೇ ಅಕ್ಷರದಲ್ಲಿ, ಪೆನ್ನು ಕಾಗದಕ್ಕೆ ಇಳಿಯೋಷ್ಟು ಒತ್ತಿ, 'ಸತ್ತೋದ್ರೆ ಸಾಕು' ಅಂತ ಬರ್ದಿದೆ. ಅದರ ಕೆಳಗಿನ ಸಾಲಲ್ಲಿ '100 ಎಂಎಲ್, ಬಂಗುಡೆ ಒಂದು ಪೂರ್ತಿ, ಮುಳ್ಳು ತೆಗೆದು ಕೊಟ್ಟೆ.' ಪುಟ ಹರಿಯೋಣ ಅಂತ ಕೈ ಹೋಯ್ತು, ಹರೀಲಿಲ್ಲ. ಎರಡೂ ಸಾಲು ಒಂದೇ ಸಂಜೆ ಬರ್ದಿದ್ದು, ಎರಡನ್ನೂ ಬರ್ದಿದ್ದು ನಾನೇ. ಅವತ್ತಿಂದ ನಮ್ಮನೆಯವ್ರ ಹತ್ರ, ತಂಗಿ ಹತ್ರ 'ನಂಗೆ ನಿರಾಳ ಆಗಿದೆ' ಅಂತ ಬಾಯಿಬಿಟ್ಟು ಹೇಳೋಕೆ ಶುರು ಮಾಡಿದೆ. ಹೇಳಿದ್ಮೇಲೆ ಅಳು ಕಮ್ಮಿ ಏನೂ ಆಗ್ಲಿಲ್ಲ, ಆದ್ರೆ ಅಳೋವಾಗ ಕಳ್ಳಿ ಥರ ಅನ್ನಿಸೋದು ನಿಂತ್ತು.

ಎರಡು ಬಾಟ್ಲಿ, ಒಂದು ಪ್ಯಾಕೆಟ್ ಸೂಜಿ ಉಳಿದಿತ್ತು. ಮೇಡಂ ಮೂಲಕನೇ ಸಕಲೇಶಪುರದ ಒಂದು ಹುಡುಗಿಗೆ ಕೊಟ್ಟೆ, ಅವಳ ಬೆಕ್ಕಿಗೂ ಇದೇ ಕಾಯಿಲೆ, ಅದೂ ಕೈಗೆ ಸಿಗದ ಬೆಕ್ಕಂತೆ. ಬುಟ್ಟಿನೂ ಕೊಡೋಣ ಅಂತ ತೆಗೆದಿಟ್ಟಿದ್ದೆ, ಕೊಡೋಕಾಗ್ಲಿಲ್ಲ. ಮೊದಲ್ನೇ ದಿನ ಸಂಜೆನೇ ಫೋನ್ ಬಂತು. "ಅಕ್ಕಾ, ಕಚ್ಬಿಡ್ತು" ಅಂತ ಅಳ್ತಿದ್ಲು. ಮೊದಲು ಸೋಪ್ ಹಾಕಿ ತೊಳಿ, ಹದಿನೈದು ನಿಮಿಷ, ಆಮೇಲೆ ಆಸ್ಪತ್ರೆ, ನಾಳೆ ಬಾಟ್ಲಿ ಇನ್ನೂ ಸ್ವಲ್ಪ ಬೆಚ್ಚಗೆ ಮಾಡ್ಕೊ ಅಂದೆ. ಅವಳು ಸರಿ ಅಕ್ಕಾ ಅಂತ ಇಡೋಕೆ ಹೋದ್ಲು. ಹಿಂದ್ಗಡೆ ಅವಳ ಬೆಕ್ಕು ಗುರ್ ಅಂತಿದ್ದಿದ್ದು ಕೇಳಿಸ್ತಿತ್ತು, ಗಂಟಲಾಳದಿಂದ, ಜೋರಾಗಿ. ಕೈ ತೊಳ್ಕೊಂಡು ಬಾ, ಫೋನ್ ಮಾತ್ರ ಇಡ್ಬೇಡ, ಅಲ್ಲೇ ಇಟ್ಟಿರು ಅಂದೆ.