ಅಮೆರಿಕದ ಕೊರೊನಾ ರೈತ ಪರಿಹಾರ: ಲೆಕ್ಕ ಬಿಡಿಸುವುದು ಹೇಗೆ?

2020ರಲ್ಲಿ ಅಮೆರಿಕದ ಕೃಷಿ ಇಲಾಖೆಯು ‘ಕೊರೊನಾವೈರಸ್ ಆಹಾರ ನೆರವು ಕಾರ್ಯಕ್ರಮ’ದಡಿ ರೈತರ ಖಾತೆಗೆ ನೇರವಾಗಿ ಹಣ ಹಾಕಿತು. ಒಂದು ಗ್ರಾಮೀಣ ಕೌಂಟಿಗೆ (ಅಲ್ಲಿನ ಜಿಲ್ಲೆಯಂತಹ ಆಡಳಿತ ಘಟಕ) ಬಂದ ಒಟ್ಟು ಮೊತ್ತ ಕಣ್ಣಿಗೆ ಬಿದ್ದ ಕೂಡಲೇ ಅದನ್ನು ಅಲ್ಲಿನ ರೈತರ ಸಂಖ್ಯೆಯಿಂದ ಭಾಗಿಸುವ ಆಸೆಯಾಗುವುದು ಸಹಜವೇ. ಆದರೆ ಹಣ ಹಂಚಿಕೆಯಾದದ್ದು ರಾಸು, ಬುಷಲ್ (ಧಾನ್ಯದ ಅಳತೆ), ಎಕರೆಗಳ ಲೆಕ್ಕದಲ್ಲಿಯೇ ಹೊರತು ತಲಾವಾರು ಅಲ್ಲ. ಆದ್ದರಿಂದ ಲೆಕ್ಕವನ್ನು ಒಂದು ಹಿಡುವಳಿಯಿಂದಲೇ ಆರಂಭಿಸಬೇಕು.

ಮೊದಲಿಗೆ ಎರಡು ಸುತ್ತುಗಳನ್ನು ಬೇರ್ಪಡಿಸಿಕೊಳ್ಳಿ. ಮೊದಲ ಸುತ್ತಿನ ಅರ್ಜಿಗಳನ್ನು 2020ರ ಮೇ 26ರಿಂದ ಸೆಪ್ಟೆಂಬರ್ 11ರವರೆಗೆ ಸ್ವೀಕರಿಸಲಾಯಿತು. ಅದಕ್ಕೆ 1,600 ಕೋಟಿ ಡಾಲರ್ ತೆಗೆದಿರಿಸಲಾಗಿತ್ತು. ಎರಡನೆಯದು ಸೆಪ್ಟೆಂಬರ್ 21ರಂದು ಆರಂಭವಾಯಿತು. ದರವೂ ನಿಯಮವೂ ಬೇರೆಯಾಗಿದ್ದ ಇವೆರಡನ್ನು ಒಂದೇ ಸಾಲಿನಲ್ಲಿ ಕೂಡಿಸಿದರೆ ಮುಂದಿನ ಲೆಕ್ಕವೆಲ್ಲ ತಪ್ಪುತ್ತದೆ.

ಬಳಿಕ ಉತ್ಪನ್ನವನ್ನು ನೋಡಿ. ನೆಬ್ರಾಸ್ಕದ ಸ್ಯಾಂಡ್‌ಹಿಲ್ಸ್‌ನಂತಹ ದನ ಸಾಕಣೆಯ ಸೀಮೆಯ ಒಬ್ಬ ರೈತ 2020ರ ಜನವರಿ 15ರಿಂದ ಏಪ್ರಿಲ್ 15ರೊಳಗೆ 600 ಪೌಂಡಿಗಿಂತ ಕಡಿಮೆ ತೂಕದ 50 ಕರುಗಳನ್ನು ಮಾರಿದ್ದನೆಂದು ಇಟ್ಟುಕೊಳ್ಳಿ. ರಾಸಿಗೆ 102 ಡಾಲರಿನಂತೆ 5,100 ಡಾಲರ್ ಆಯಿತು. ಏಪ್ರಿಲ್ 16ರಿಂದ ಮೇ 14ರ ನಡುವೆ ಅವನ ಕೊಟ್ಟಿಗೆಯಲ್ಲಿದ್ದ ರಾಸುಗಳ ಗರಿಷ್ಠ ಸಂಖ್ಯೆ 120 ಆಗಿದ್ದರೆ, ರಾಸಿಗೆ 33 ಡಾಲರಿನಂತೆ ಇನ್ನೂ 3,960 ಸೇರಿ ಒಟ್ಟು 9,060 ಆಗುತ್ತದೆ. ಇದರಲ್ಲಿ ಮೊದಲು ಶೇ 80ರಷ್ಟನ್ನು, ಅಂದರೆ 7,248 ಡಾಲರನ್ನು ಮಾತ್ರ ಕೊಟ್ಟು, ಉಳಿದುದನ್ನು ಆಮೇಲೆ ಪಾವತಿಸಲಾಯಿತು. ಹೀಗಾಗಿ ಒಬ್ಬನದೇ ಹೆಸರು ಪಾವತಿಯ ಪಟ್ಟಿಯಲ್ಲಿ ಎರಡು ಬಾರಿ ಕಂಡರೆ ಅನುಮಾನಪಡಬೇಕಿಲ್ಲ. ಎರಡನೇ ಸುತ್ತಿನಲ್ಲಿ ಕೊಟ್ಟಿಗೆಯಲ್ಲಿದ್ದ ರಾಸಿನ ದರ 33ರಿಂದ 55 ಡಾಲರಿಗೆ ಏರಿತಾದರೂ ಸಂತಾನಕ್ಕೆಂದು ಇಟ್ಟುಕೊಂಡ ಹಸು, ಹೋರಿಗಳನ್ನು ಎಣಿಕೆಯಿಂದ ಕೈಬಿಡಲಾಯಿತು. ಏರಿದ ದರವೊಂದನ್ನೇ ನೋಡಿದವರಿಗೆ ಈ ಕಡಿತ ಗೊತ್ತಾಗುವುದೇ ಇಲ್ಲ.

ಮೆಕ್ಕೆಜೋಳದ ಲೆಕ್ಕ ಇನ್ನೊಂದು ಬಗೆಯದು. ಮೊದಲ ಸುತ್ತಿನಲ್ಲಿ, 2020ರ ಜನವರಿ 15ರಂದು ಬೆಲೆ ನಿಗದಿಯಾಗದೆ ಉಳಿದಿದ್ದ ದಾಸ್ತಾನು ಅಥವಾ 2019ರ ಇಳುವರಿಯ ಅರ್ಧ, ಇವೆರಡರಲ್ಲಿ ಕಡಿಮೆಯಾದುದಕ್ಕೆ ಮಾತ್ರ ಪರಿಹಾರ ಸಿಗುತ್ತಿತ್ತು. ಹೀಗಾಗಿ ಸುಗ್ಗಿಯಲ್ಲೇ ಎಲ್ಲವನ್ನೂ ಮಾರಿ ಮುಗಿಸಿದವನಿಗೆ ಆ ಬೆಳೆಯ ಲೆಕ್ಕದಲ್ಲಿ ಏನೂ ಬರಲಿಲ್ಲ.

ಮೂರನೆಯದಾಗಿ ಮಿತಿಯನ್ನು ಅನ್ವಯಿಸಿ. ಒಂದು ಸುತ್ತಿನಲ್ಲಿ ಒಬ್ಬ ವ್ಯಕ್ತಿಗೆ 2,50,000 ಡಾಲರಿಗಿಂತ ಹೆಚ್ಚು ಕೊಡುವಂತಿರಲಿಲ್ಲ. ಆದರೆ ತಲಾ ಕನಿಷ್ಠ 400 ಗಂಟೆಗಳ ದುಡಿಮೆ ಅಥವಾ ನಿರ್ವಹಣೆಯ ಹೊಣೆ ಹೊತ್ತ ಮೂವರು ಪಾಲುದಾರರಿದ್ದ ಕಂಪನಿಯೊಂದು 7,50,000 ಡಾಲರಿನವರೆಗೆ ಪಡೆಯಬಹುದಿತ್ತು. ನನ್ನ ದೃಷ್ಟಿಯಲ್ಲಿ ಕೌಂಟಿಯ ಸರಾಸರಿಯನ್ನು ಕೆಡಿಸುವುದು ಇಂಥ ಕೆಲವೇ ದೊಡ್ಡ ಮೊತ್ತಗಳು. ಆದ್ದರಿಂದ ಪಾವತಿಗಳನ್ನು ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿ, ನಟ್ಟನಡುವಿನ ಮೊತ್ತ ಎಷ್ಟೆಂದು ನೋಡುವುದು ಲೇಸು.

ಕೊನೆಗೆ ವಿಳಾಸಗಳತ್ತ ಗಮನ ಕೊಡಿ. ಪಾವತಿಯ ಪಟ್ಟಿಯಲ್ಲಿರುವುದು ಹಣ ಪಡೆದವರ ಅಂಚೆ ವಿಳಾಸ. ಜಮೀನು ಹಳ್ಳಿಯಲ್ಲಿದ್ದು ಒಡೆಯ ನಗರದಲ್ಲಿದ್ದರೆ, ವಿಳಾಸವನ್ನು ನಂಬಿ ಮಾಡಿದ ಲೆಕ್ಕದಲ್ಲಿ ಆ ಹಣ ನಗರದ ಪಾಲಿಗೆ ಸೇರುತ್ತದೆ.